ಸೆರೆಮನೆಯ ಗೋಡೆ ಮತ್ತು ಪತ್ರಕರ್ತರ ಲೇಖನಿ

ಮಾಟುಂಗ ನಿಲ್ದಾಣದಲ್ಲಿ ದಕ್ಷಿಣದ ಕಡೆಗೆ ಹೋಗುವ ನಿಧಾನಗತಿಯ ಲೋಕಲ್ ಗಾಡಿಯನ್ನು ಹತ್ತಿದರೆ ಐದನೆಯ ನಿಲ್ದಾಣ ಬೈಕಲಾ. ಅಲ್ಲಿ ಸ್ತ್ರೀಯರ ಸೆರೆಮನೆಯಿದೆ. ಅದಕ್ಕೆ ಮೊದಲು ಬರುವ ಚಿಂಚ್‌ಪೋಕ್ಳಿಯಲ್ಲಿ ಇಳಿದು ಪಶ್ಚಿಮಕ್ಕೆ ನಡೆದರೆ ಆರ್ಥರ್ ರೋಡಿನ ಮುಂಬಯಿ ಸೆಂಟ್ರಲ್ ಜೈಲಿನ ಗೋಡೆ ಎದುರಾಗುತ್ತದೆ. ಆಫೀಸಿಗೆ, ಅಂಗಡಿಗೆ, ಹೊಟೇಲಿಗೆ ಹೋಗಿಬರುವ ಸಾವಿರಾರು ಕನ್ನಡಿಗರು ನಿತ್ಯವೂ ಈ ಎರಡು ಗೋಡೆಗಳಿಗೆ ಅನತಿ ದೂರದಲ್ಲಿಯೇ ಹಾದುಹೋಗುತ್ತಾರೆ. ಒಳಗೆ ಏನು ನಡೆಯುತ್ತದೆಂದು ಯೋಚಿಸುವ ಪ್ರಸಂಗ ಗೃಹಸ್ಥರಿಗೆ ಬರುವುದಿಲ್ಲ; ಬಾರದಿರಲೆಂದೇ ಎಲ್ಲರ ಹಾರೈಕೆ.

ಆದರೆ ಕಾಯಿದೆಯ ದೃಷ್ಟಿಯಲ್ಲಿ ಸೆರೆಮನೆಯೆಂಬುದು ನಗರದ ಹೊರಗಿನ ಸ್ಥಳವಲ್ಲ. ಬಂಧನದಿಂದ ಮನುಷ್ಯನು ಕಳೆದುಕೊಳ್ಳುವುದು ಮುಖ್ಯವಾಗಿ ಸಂಚಾರಸ್ವಾತಂತ್ರ್ಯವನ್ನು. ಅವನ ಆರೋಗ್ಯ, ಮಾನ, ಆಲೋಚನೆ, ಬರವಣಿಗೆ ಇವು ಅವನಲ್ಲಿಯೇ ಉಳಿಯುತ್ತವೆ. ಈ ತತ್ತ್ವವನ್ನು ಇಂದು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯದ ತತ್ತ್ವವು ಗೋಡೆಯ ಒಳಗೆ ಆಚರಣೆಯಲ್ಲಿ ಇದೆಯೇ ಎಂದು ನೋಡುವವರು ಯಾರು ಎಂಬುದೇ ಪ್ರಶ್ನೆ. ಸೆರೆಮನೆಯ ವರದಿಯನ್ನು ಸೆರೆಮನೆಯ ಅಧಿಕಾರಿಗಳೇ ಬರೆಯುತ್ತಾರೆ. ಕೈದಿಯ ಮಾತು ಹೊರಗೆ ಬರಬೇಕಾದರೆ ಅದು ಪತ್ರವಾಗಿ ಬರಬೇಕು, ವಕೀಲರ ಬಾಯಿಂದ ಬರಬೇಕು, ಇಲ್ಲವೆ ಪತ್ರಕರ್ತರ ಲೇಖನಿಯಿಂದ ಬರಬೇಕು. ಕಳೆದ ಆರು ದಶಕಗಳಲ್ಲಿ ನಮ್ಮ ನ್ಯಾಯಾಲಯಗಳು ಈ ದಾರಿಗಳನ್ನು ಒಂದೊಂದಾಗಿ ತೆರೆಯುತ್ತ ಬಂದಿವೆ. ಅದಕ್ಕೆ ಕಾರಣವಾದ ಮೊಕದ್ದಮೆಗಳಲ್ಲಿ ಹಲವು ಈ ಮುಂಬಯಿಯಲ್ಲಿಯೇ ಹುಟ್ಟಿದವು.

ಅಣುವಿನ ಪುಸ್ತಕ, ತೀರ್ಪಿನ ಪ್ರತಿ

1908ರಲ್ಲಿ 'ಕೇಸರಿ'ಯ ಲೇಖನಗಳಿಗಾಗಿ ಲೋಕಮಾನ್ಯ ತಿಲಕರಿಗೆ ಶಿಕ್ಷೆಯಾದದ್ದು ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ. ಮಂಡಾಲೆಯ ಸೆರೆಯಲ್ಲಿ ಅವರು ಬರೆದ 'ಗೀತಾರಹಸ್ಯ'ದ ಹಸ್ತಪ್ರತಿ ಬಿಡುಗಡೆಯ ಬಳಿಕ ಅವರ ಕೈಸೇರಿ, 1915ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಪರಕೀಯರ ಸರಕಾರ ಅಷ್ಟನ್ನಾದರೂ ಮಾಡಿತು. ಸ್ವತಂತ್ರ ಭಾರತದಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಾಗ ಸರಕಾರವು ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿ ವಾದಿಸಿತೆಂಬುದು ಸ್ವಲ್ಪ ನಾಚಿಕೆಯ ಸಂಗತಿ.

ಪ್ರಭಾಕರ ಪಾಂಡುರಂಗ ಸಂಝಗಿರಿ ಎಂಬ ರಾಜಕೀಯ ಕಾರ್ಯಕರ್ತರನ್ನು 1962ರ ಭಾರತ ರಕ್ಷಣಾ ನಿಯಮಗಳ ಮೇರೆಗೆ ಮುಂಬಯಿಯ ಸೆರೆಮನೆಯಲ್ಲಿ ಇರಿಸಲಾಗಿತ್ತು. ಅಲ್ಲಿ ಅವರು ಅಣುವಿನ ಅಂತರಂಗವನ್ನು ಕುರಿತು ಮರಾಠಿಯಲ್ಲಿ ಒಂದು ವಿಜ್ಞಾನಗ್ರಂಥ ಬರೆದರು. ಅದನ್ನು ಮನೆಗೆ ಕಳುಹಿಸಿ ಅಚ್ಚು ಹಾಕಿಸಲು ಅಪ್ಪಣೆ ಬೇಡಿದಾಗ ಸರಕಾರ ನಿರಾಕರಿಸಿತು. ಎಲೆಕ್ಟ್ರಾನು, ಪ್ರೋಟಾನುಗಳ ವರ್ಣನೆಯಿಂದ ದೇಶದ ರಕ್ಷಣೆಗೆ ಏನು ಬಾಧಕವೆಂದು ಯಾರೂ ವಿವರಿಸಲಿಲ್ಲ. ಬಂದಿಗೆ ಕೊಡಮಾಡಿದ ಸೌಲಭ್ಯಗಳ ಪಟ್ಟಿಯಲ್ಲಿ ಪುಸ್ತಕ ಪ್ರಕಟಣೆ ಸೇರಿಲ್ಲವೆಂಬುದೇ ಸರಕಾರದ ವಾದವಾಗಿತ್ತು. ಮುಂಬಯಿ ಉಚ್ಚ ನ್ಯಾಯಾಲಯ ಹಸ್ತಪ್ರತಿಯನ್ನು ಹೊರಗೆ ಕಳುಹಿಸಬೇಕೆಂದು ಆಜ್ಞಾಪಿಸಿತು. 1965ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಆಜ್ಞೆಯನ್ನು ಎತ್ತಿಹಿಡಿಯಿತು. ನಿಯಮವು ನಿರ್ಬಂಧಿಸದೆ ಇದ್ದುದನ್ನು ಬಂದಿಯಿಂದ ಕಿತ್ತುಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಮೇಲುನೋಟಕ್ಕೆ ಸಣ್ಣ ಮಾತು. ಆದರೆ 'ಪಟ್ಟಿಯಲ್ಲಿ ಇದ್ದುದಷ್ಟೇ ನಿನ್ನದು' ಎಂಬ ಹಳೆಯ ಸೆರೆಮನೆಯ ತರ್ಕ ಅಲ್ಲಿಗೆ ತಲೆಕೆಳಗಾಯಿತು.

ಇನ್ನೊಂದು ಮೊಕದ್ದಮೆಗೆ ಧಾರವಾಡದ ನಂಟಿದೆ. ಕರ್ನಾಟಕ ವಿಶ್ವವಿದ್ಯಾಲಯದ ಖೋಟಾ ಮುದ್ರೆಯನ್ನು ಮುಂಬಯಿಯಲ್ಲಿ ಮಾಡಿಸಲು ಯತ್ನಿಸಿದ ಆರೋಪದ ಮೇಲೆ ನಡೆದ, ಕಾನೂನಿನ ಪುಸ್ತಕಗಳಲ್ಲಿ ಹೊಸ್ಕೋಟ್ ಮೊಕದ್ದಮೆಯೆಂದು ಹೆಸರಾದ ಪ್ರಕರಣವದು. ಕೆಳಗಿನ ನ್ಯಾಯಾಲಯ ವಿಧಿಸಿದ ಹಗುರ ಶಿಕ್ಷೆಯನ್ನು 1973ರಲ್ಲಿ ಉಚ್ಚ ನ್ಯಾಯಾಲಯ ಮೂರು ವರ್ಷಗಳ ಕಠಿಣ ಶಿಕ್ಷೆಯಾಗಿ ಹೆಚ್ಚಿಸಿತು. ಅಪರಾಧಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತಿದ್ದು ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ. ಅಷ್ಟರಲ್ಲಿ ಶಿಕ್ಷೆ ಮುಗಿದೇ ಹೋಗಿತ್ತು. ತೀರ್ಪಿನ ಪ್ರತಿ ತನ್ನ ಕೈಸೇರಲೇ ಇಲ್ಲವೆಂದು ಆತನ ದೂರು. ಕೊಟ್ಟಿದ್ದೇವೆಂದು ಸೆರೆಮನೆಯವರ ಹೇಳಿಕೆ. ಸ್ವೀಕೃತಿಯ ಸಹಿ ಮಾತ್ರ ಇಲ್ಲ. 1978ರ ಆಗಸ್ಟಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಅರ್ಜಿಯನ್ನೇನೋ ವಜಾ ಮಾಡಿದರು. ಅಪರಾಧ ಅಪರಾಧವೇ. ಆದರೆ ಅದೇ ತೀರ್ಪಿನಲ್ಲಿ, ಸೆರೆವಾಸ ವಿಧಿಸಿದ ತೀರ್ಪಿನ ಪ್ರತಿಯನ್ನು ಕೈದಿಗೆ ಪುಕ್ಕಟೆಯಾಗಿ ಮುಟ್ಟಿಸಿ ಲಿಖಿತ ಸ್ವೀಕೃತಿ ಪಡೆಯಬೇಕು, ವಕೀಲರನ್ನು ನೇಮಿಸಿಕೊಳ್ಳುವ ಶಕ್ತಿಯಿಲ್ಲದವನಿಗೆ ನೆರವು ಒದಗಿಸಬೇಕು ಎಂದು ಸ್ಪಷ್ಟಪಡಿಸಿದರು. ಇವು ದಯೆಯ ಮಾತುಗಳಲ್ಲ; ಸಂವಿಧಾನದ 21ನೆಯ ಅನುಚ್ಛೇದದ ಅಂಗಗಳು. ಸೋತ ಕಕ್ಷಿದಾರನ ಹೆಸರಿನಲ್ಲಿ ಗೆದ್ದ ತತ್ತ್ವವೆಂದರೆ ಇದೇ.

ಹದಿನೈದು ಸ್ತ್ರೀಯರು, ಒಂದು ಪತ್ರ

1982ರ ಮೇ ತಿಂಗಳ 11ರಿಂದ 17ರ ವರೆಗೆ ಶೀಲಾ ಬಾರ್ಸೆ ಎಂಬ ಪತ್ರಕರ್ತೆ, ಸೆರೆಮನೆಗಳ ಮಹಾನಿರೀಕ್ಷಕರ ಅನುಮತಿ ಪಡೆದು, ಮುಂಬಯಿ ಸೆಂಟ್ರಲ್ ಜೈಲಿನಲ್ಲಿದ್ದ 15 ಸ್ತ್ರೀಯರನ್ನು ಕಂಡು ಮಾತನಾಡಿಸಿದರು. ಅವರಲ್ಲಿ ಐವರು ತಮ್ಮನ್ನು ಪೊಲೀಸು ಲಾಕಪ್ಪಿನಲ್ಲಿ ಹೊಡೆಯಲಾಯಿತೆಂದು ಹೇಳಿದರು. ಬಾರ್ಸೆಯವರು ಇದನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಪತ್ರ ಮುಖೇನ ತಿಳಿಸಿದರು. ವಕಾಲತ್ತು, ಕೋರ್ಟ್ ಫೀ, ಸ್ಟಾಂಪು ಕಾಗದ ಒಂದೂ ಇಲ್ಲದ ಆ ಪತ್ರವನ್ನೇ ನ್ಯಾಯಾಲಯವು ರಿಟ್ ಅರ್ಜಿಯೆಂದು ಸ್ವೀಕರಿಸಿತು.

ಹೊಡೆತ ತಿಂದೆವೆಂದ ಸ್ತ್ರೀಯರಲ್ಲಿ ಇಬ್ಬರ ಹೆಸರುಗಳು ತೀರ್ಪಿನಲ್ಲಿ ಅಚ್ಚಾಗಿವೆ. ಅವನ್ನು ಇಲ್ಲಿ ಎತ್ತಿ ಬರೆಯುವುದು ಬೇಡ. ಅವುಗಳಲ್ಲಿ ಒಂದು ನಮ್ಮ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವಂಥ ಹೆಸರೆಂಬುದನ್ನು ಮಾತ್ರ ಹೇಳಬಹುದು. ಆಕೆ ಯಾವ ಊರಿನವಳು, ಯಾವ ಭಾಷೆಯವಳು ಎಂದು ತೀರ್ಪು ಹೇಳುವುದಿಲ್ಲ.

ಆರೋಪದ ಸತ್ಯಾಸತ್ಯವನ್ನು ತಿಳಿಯಲು ನ್ಯಾಯಾಲಯ ಪೊಲೀಸರ ವರದಿಯನ್ನಷ್ಟೇ ನೆಚ್ಚಲಿಲ್ಲ. ಮುಂಬಯಿಯ ನಿರ್ಮಲಾ ನಿಕೇತನದ ಸಮಾಜಕಾರ್ಯ ಕಾಲೇಜಿನ ನಿರ್ದೇಶಕಿ ಡಾ. ದೇಸಾಯಿಯವರನ್ನು ಸೆರೆಮನೆಗೆ ಕಳುಹಿಸಿತು. ಅಧಿಕಾರಿಗಳು ಹತ್ತಿರವಿರದಂತೆ ಅವರು ಕೈದಿಗಳೊಡನೆ ಮಾತನಾಡಲು ಏರ್ಪಾಡಾಯಿತು. ಅವರ ವರದಿಯಲ್ಲಿ ಮನಸ್ಸನ್ನು ಕಲಕುವ ಸಂಗತಿಗಳಿವೆ. ಒಳಗಿದ್ದ ಬಡವರಿಗೆ ವಕೀಲರ ನೆರವೇ ಸರಿಯಾಗಿ ಇರಲಿಲ್ಲ. ಇಬ್ಬರು ವಿದೇಶೀ ಕೈದಿಗಳನ್ನು ಒಬ್ಬ ವಕೀಲ ಮೋಸಗೊಳಿಸಿ, ಫೀಯ ನೆಪದಲ್ಲಿ ಅವರ ಒಡವೆ ವಸ್ತುಗಳಲ್ಲಿ ಅರ್ಧದಷ್ಟನ್ನು ನುಂಗಿಹಾಕಿದ್ದನೆಂಬ ದೂರೂ ಇತ್ತು. ಭಾಷೆ ಬಾರದ ಊರಿನಲ್ಲಿ ಸೆರೆ ಬಿದ್ದವನ ಪಾಡು ಏನೆಂಬುದಕ್ಕೆ ಬೇರೆ ದೃಷ್ಟಾಂತ ಬೇಕಿಲ್ಲ.

1983ರ ಫೆಬ್ರವರಿ 15ರಂದು ನ್ಯಾಯಮೂರ್ತಿ ಭಗವತಿಯವರು ನೀಡಿದ ನಿರ್ದೇಶನಗಳು ಈಗಲೂ ಓದತಕ್ಕವು. ಒಳ್ಳೆಯ ವಸತಿಯ ಭಾಗಗಳಲ್ಲಿ ನಾಲ್ಕೈದು ಲಾಕಪ್ಪುಗಳನ್ನು ಸ್ತ್ರೀಯರಿಗಾಗಿಯೇ ಮೀಸಲಿಟ್ಟು ಅಲ್ಲಿ ಸ್ತ್ರೀ ಪೊಲೀಸರನ್ನೇ ಕಾವಲಿಗೆ ಹಾಕಬೇಕು. ಸ್ತ್ರೀಯರ ವಿಚಾರಣೆ ಸ್ತ್ರೀ ಅಧಿಕಾರಿಗಳ ಸಮ್ಮುಖದಲ್ಲಿಯೇ ನಡೆಯಬೇಕು. ಬಂಧಿಸಿದ ಕೂಡಲೆ ಆ ವ್ಯಕ್ತಿ ಹೆಸರಿಸಿದ ಬಂಧುವಿಗೋ ಮಿತ್ರನಿಗೋ ಸುದ್ದಿ ಮುಟ್ಟಿಸಬೇಕು, ಹತ್ತಿರದ ಕಾನೂನು ನೆರವು ಸಮಿತಿಗೂ ತಿಳಿಸಬೇಕು. ನಗರದ ಒಬ್ಬ ಸೆಷನ್ಸ್ ನ್ಯಾಯಾಧೀಶರು, ಸಾಧ್ಯವಾದರೆ ಸ್ತ್ರೀ ನ್ಯಾಯಾಧೀಶರು, ಮುನ್ಸೂಚನೆ ಕೊಡದೆ ಲಾಕಪ್ಪುಗಳಿಗೆ ಭೇಟಿ ನೀಡುತ್ತಿರಬೇಕು. ಮ್ಯಾಜಿಸ್ಟ್ರೇಟರು ತಮ್ಮೆದುರು ತಂದ ವ್ಯಕ್ತಿಯನ್ನು 'ಪೊಲೀಸರು ನಿನಗೆ ಹಿಂಸೆ ಕೊಟ್ಟರೇ?' ಎಂದು ತಾವಾಗಿಯೇ ಕೇಳಬೇಕು, ವೈದ್ಯಕೀಯ ಪರೀಕ್ಷೆ ಮಾಡಿಸಿಕೊಳ್ಳುವ ಹಕ್ಕಿದೆಯೆಂದು ತಿಳಿಸಬೇಕು. ಕೊನೆಯ ನಿರ್ದೇಶನ ಆರೋಗ್ಯದ ಲೇಖನಗಳನ್ನು ಓದುವವರಿಗೆ ವಿಶೇಷವಾಗಿ ಗಮನಾರ್ಹ. ಮೈಮೇಲಿನ ಬಾಸುಂಡೆ ವಾರದಲ್ಲಿ ಮಾಯುತ್ತದೆ. ಮೊದಲ ದಿನವೇ ವೈದ್ಯರು ಬರೆದಿಟ್ಟ ಟಿಪ್ಪಣಿ ಮಾಯುವುದಿಲ್ಲ. ಆ ಕಾಲದ ಕಾಯಿದೆಯಲ್ಲಿ ಕೈದಿ ಕೇಳಿದರೆ ಮಾತ್ರ ಪರೀಕ್ಷೆ. ಕೇಳಬಹುದೆಂದೇ ಅವನಿಗೆ ತಿಳಿಯದು. ಮುಂದೆ 2008ರ ತಿದ್ದುಪಡಿಯಿಂದ ಬಂಧನದ ನಂತರ ಪರೀಕ್ಷೆ ಮಾಡಿಸುವುದು ಪೊಲೀಸರ ಕರ್ತವ್ಯವೇ ಆಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 53ನೆಯ ಕಲಮಿನಲ್ಲಿಯೂ ಅದು ಹಾಗೆಯೇ ಇದೆ. ಸ್ತ್ರೀಯಾದರೆ ಸ್ತ್ರೀ ವೈದ್ಯರಿಂದ ಅಥವಾ ಅವರ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಯಬೇಕು. ವರದಿಯ ಪ್ರತಿಯನ್ನು ಬಂಧಿತರಿಗೆ ಅಥವಾ ಅವರು ಸೂಚಿಸಿದವರಿಗೆ ಕೊಡಬೇಕು. ಬಂಧುಮಿತ್ರರಿಗೆ ಸುದ್ದಿ ಮುಟ್ಟಿಸುವ ಕರ್ತವ್ಯವೂ ಇಂದು ಸಂಹಿತೆಯ 48ನೆಯ ಕಲಮಿನಲ್ಲಿ ಸೇರಿದೆ. ಒಬ್ಬ ಪತ್ರಕರ್ತೆ ಏಳು ದಿನ ಒಳಗೆ ಕುಳಿತು ಕೇಳಿಸಿಕೊಂಡ ಮಾತಿಗೆ ಕಾಯಿದೆಯ ರೂಪ ಬರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ಬಾಗಿಲು ಯಾರಿಗೆ ತೆರೆದಿದೆ?

ಪತ್ರಕರ್ತರಿಗೆ ಒಳಗೆ ಹೋಗುವ ಹಕ್ಕು ಇದೆಯೇ, ಅಥವಾ ಅದು ಅಧಿಕಾರಿಯ ಕೃಪೆಯೇ? 1981ರ ನವೆಂಬರಿನಲ್ಲಿ ದೆಹಲಿಯ ಪತ್ರಕರ್ತೆ ಪ್ರಭಾ ದತ್ತ್ ಅವರು ತಿಹಾರಿನಲ್ಲಿದ್ದ ಇಬ್ಬರು ಮರಣದಂಡನೆಯ ಕೈದಿಗಳ ಸಂದರ್ಶನಕ್ಕೆ ಅವಕಾಶ ಬೇಡಿದಾಗ ಈ ಪ್ರಶ್ನೆ ಬಂದಿತ್ತು. ಮುಖ್ಯ ನ್ಯಾಯಾಧೀಶ ವೈ. ವಿ. ಚಂದ್ರಚೂಡರು ಮಧ್ಯಮಾರ್ಗ ಹಿಡಿದರು. ಸುದ್ದಿ ಸಂಗ್ರಹಿಸುವ ಹಕ್ಕು ನಿರಂಕುಶವಲ್ಲ, ಮುಖ್ಯವಾಗಿ ಕೈದಿ ಒಪ್ಪಬೇಕು. ಆತ ಒಪ್ಪಿದ ಮೇಲೆ ತಕ್ಕ ಕಾರಣವಿಲ್ಲದೆ ತಡೆಯುವಂತಿಲ್ಲ ಎಂದರು. ಆ ಸಂದರ್ಶನಕ್ಕೆ ಅವಕಾಶ ದೊರೆಯಿತು.

ಶೀಲಾ ಬಾರ್ಸೆಯವರೇ ಎರಡನೆಯ ಬಾರಿ ಇದೇ ಪ್ರಶ್ನೆಯನ್ನು ಎತ್ತಬೇಕಾಯಿತು. ಮುಂಬಯಿ, ಪುಣೆಯ ಯೆರವಡಾ, ಕೊಲ್ಹಾಪುರ ಸೆರೆಮನೆಗಳಲ್ಲಿ ಸ್ತ್ರೀ ಕೈದಿಗಳನ್ನು ಕಾಣಲು ಅವರಿಗೆ ಅನುಮತಿ ಸಿಕ್ಕಿತ್ತು. ಅವರು ಮಾತುಗಳನ್ನು ಟೇಪ್ ರೆಕಾರ್ಡರಿನಲ್ಲಿ ಹಿಡಿಯಲಾರಂಭಿಸಿದೊಡನೆ ಅಧಿಕಾರಿಗಳಿಗೆ ಕಸಿವಿಸಿಯಾಯಿತು. ಬರೆದುಕೊಳ್ಳಿ, ಧ್ವನಿಮುದ್ರಣ ಬೇಡ ಎಂದರು. ಅನಂತರ ಅನುಮತಿಯೇ ರದ್ದಾಯಿತು. ಸಂಶೋಧಕರಿಗಾದರೆ ಕೊಡಬಹುದು, ಪತ್ರಕರ್ತರಿಗೆ ನಿಯಮಗಳಲ್ಲಿ ಎಡೆಯಿಲ್ಲವೆಂಬುದು ಉತ್ತರ. ಬಾರ್ಸೆಯವರು ಮತ್ತೆ ಪತ್ರ ಬರೆದರು. ಅದೂ ರಿಟ್ ಅರ್ಜಿಯಾಯಿತು.

1987ರ ತೀರ್ಪನ್ನು ಬರೆದವರು ನ್ಯಾಯಮೂರ್ತಿ ರಂಗನಾಥ ಮಿಶ್ರ. ಸೆರೆಮನೆಯೊಳಗೆ ಏನು ನಡೆಯುತ್ತಿದೆಯೆಂದು ತಿಳಿಯುವುದರಲ್ಲಿ ಸಮಾಜಕ್ಕೆ ನ್ಯಾಯವಾದ ಆಸ್ಥೆಯಿದೆ, ಸಾರ್ವಜನಿಕ ದೃಷ್ಟಿ ಬಿದ್ದಷ್ಟೂ ಕೈದಿಗಳ ಹಕ್ಕುಗಳಿಗೆ ರಕ್ಷಣೆ ಹೆಚ್ಚು ಎಂಬುದನ್ನು ನ್ಯಾಯಾಲಯ ಒಪ್ಪಿತು. ಪತ್ರಕರ್ತರನ್ನು ಒಟ್ಟಾರೆಯಾಗಿ ಹೊರಗಿಡುವುದು ತಪ್ಪೆಂದಿತು. ಆದರೆ ಷರತ್ತುಗಳನ್ನೂ ಹಾಕಿತು. ಒಲ್ಲದ ಕೈದಿಯನ್ನು ಮಾತನಾಡಿಸಲು ಒತ್ತಾಯಿಸಬಾರದು. ಟೇಪಿನ ಬಳಕೆಗೆ ಪ್ರತ್ಯೇಕ ಅನುಮತಿ ಪಡೆಯಬೇಕು. ಕೇಳಿದ ಸಂಗತಿಗಳನ್ನು ಪ್ರಕಟಣೆಗೆ ಮೊದಲು ಸಾಮಾನ್ಯವಾಗಿ ಅಧಿಕಾರಿಗಳೊಡನೆ ತಾಳೆ ನೋಡಬೇಕು.

ಈ ಕಡೆಯ ಷರತ್ತನ್ನು ಕುರಿತು ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ಇನ್ನೊಂದು ಪಕ್ಷದ ಮಾತನ್ನೂ ಕೇಳಿ ಬರೆಯಬೇಕೆಂಬುದು ಪತ್ರಿಕಾಧರ್ಮದ ಮೊದಲ ಪಾಠ. ಅದಕ್ಕೆ ನ್ಯಾಯಾಲಯದ ಅಪ್ಪಣೆ ಬೇಕಿಲ್ಲ. ತಾಳೆ ನೋಡುವುದೆಂದರೆ ಒಪ್ಪಿಗೆ ಪಡೆಯುವುದೆಂದು ಅಧಿಕಾರಿಗಳು ಅರ್ಥ ಮಾಡಿಕೊಂಡರೆ ಮಾತ್ರ ಆ ಬಾಗಿಲು ತೆರೆದೂ ಮುಚ್ಚಿದಂತೆಯೇ. 2015ರಲ್ಲಿ ಕೇಂದ್ರ ಗೃಹ ಮಂತ್ರಾಲಯವು ರಾಜ್ಯಗಳಿಗೆ ಕಳುಹಿಸಿದ ಸಲಹಾಪತ್ರ ಆ ದಿಕ್ಕಿಗೇ ವಾಲಿತು. ಲೇಖನಕ್ಕೋ ಚಿತ್ರಕ್ಕೋ ಒಳಹೋಗುವವರು ಒಂದು ಲಕ್ಷ ರೂಪಾಯಿ ಠೇವಣಿ ಇಡಬೇಕು, ಧ್ವನಿ ಮತ್ತು ಚಿತ್ರ ಮುದ್ರಣಗಳನ್ನು ಪರಿಶೀಲನೆಗೆ ಒಪ್ಪಿಸಬೇಕು ಎಂದು ಅದರಲ್ಲಿತ್ತು. ಲಕ್ಷ ರೂಪಾಯಿ ಎಣಿಸಿಡಬಲ್ಲ ಸಣ್ಣ ಪತ್ರಿಕೆ ಯಾವುದಿದ್ದೀತು?

ಹಣವಿದ್ದವರಿಗೆ ಗೋಡೆ ತೆಳುವೆಂಬುದಕ್ಕೆ ಒಂದು ನಿದರ್ಶನ ಆರ್ಥರ್ ರೋಡಿನಿಂದಲೇ ದೊರಕುತ್ತದೆ. ಬೆಂಗಳೂರಿನ ಉದ್ಯಮಿ ವಿಜಯ ಮಲ್ಯರನ್ನು ಭಾರತಕ್ಕೆ ಒಪ್ಪಿಸುವ ಮೊಕದ್ದಮೆ ಲಂಡನ್ನಿನಲ್ಲಿ ನಡೆದಾಗ, ಅಲ್ಲಿ ಗಾಳಿ ಬೆಳಕು ಸಾಲವೆಂದು ಅವರ ವಕೀಲರು ವಾದಿಸಿದರು. 2018ರ ಜುಲೈಯಲ್ಲಿ ಲಂಡನ್ನಿನ ನ್ಯಾಯಾಧೀಶೆ 12ನೆಯ ಬ್ಯಾರಕ್ಕನ್ನು ಹಗಲು ಬೆಳಕಿನಲ್ಲಿ ಚಿತ್ರೀಕರಿಸಿ ತರಿಸಲು ಆದೇಶಿಸಿದರು. ಚಿತ್ರ ಹೋಯಿತು, ಕಿಟಕಿ, ಕಕ್ಕಸು, ಹಾಸಿಗೆಗಳನ್ನು ಸಮುದ್ರದಾಚೆಯ ನ್ಯಾಯಾಲಯ ನೋಡಿತು. ಪಕ್ಕದ ಬ್ಯಾರಕ್ಕುಗಳಲ್ಲಿ ಇದ್ದವರಿಗಾಗಿ ಯಾರೂ ಕ್ಯಾಮೆರಾ ಕಳುಹಿಸಲಿಲ್ಲ. ಅವರಿಗೆ ಉಳಿದಿರುವುದು ಪತ್ರ ಮತ್ತು ಪತ್ರಿಕೆ.

ಸೆರೆಯೊಳಗಿನ ಆರೋಗ್ಯ

ಪತ್ರದ ಬಲವೆಷ್ಟೆಂಬುದನ್ನು ಬೆಂಗಳೂರಿನ ಒಂದು ಪ್ರಕರಣ ತೋರಿಸುತ್ತದೆ. ಅಲ್ಲಿನ ಸೆಂಟ್ರಲ್ ಜೈಲಿನ ಕೈದಿಯೊಬ್ಬ 1984ರ ಏಪ್ರಿಲಿನಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಿಗೆ ಕಾಗದ ಬರೆದ. ದುಡಿದದ್ದಕ್ಕೆ ಸರಿಯಾದ ಕೂಲಿಯಿಲ್ಲ, ಊಟ ಬಾಯಿಗಿಡುವಂತಿಲ್ಲ, ದೈಹಿಕ ಮಾನಸಿಕ ಹಿಂಸೆಯಿದೆ ಎಂಬುದು ಅದರಲ್ಲಿನ ದೂರು. ನ್ಯಾಯಾಲಯದ ಸೂಚನೆಯಂತೆ ಬೆಂಗಳೂರಿನ ಜಿಲ್ಲಾ ನ್ಯಾಯಾಧೀಶರು ಸೆರೆಮನೆಯನ್ನು ಕಂಡು ವರದಿ ಸಲ್ಲಿಸಿದರು. 'ರಾಮಮೂರ್ತಿ ವಿರುದ್ಧ ಕರ್ನಾಟಕ ರಾಜ್ಯ' ಎಂಬ ಹೆಸರಿನ ಈ ಮೊಕದ್ದಮೆಯ ತೀರ್ಪು ಹೊರಬಿದ್ದದ್ದು 1996ರ ಡಿಸೆಂಬರಿನಲ್ಲಿ. ಹನ್ನೆರಡು ವರ್ಷ ಹಿಡಿಯಿತೆಂಬುದನ್ನು ಮರೆಮಾಚಬೇಕಿಲ್ಲ. ಆದರೂ ಒಂದು ಕಾಗದದಿಂದ ಹೊರಟ ನ್ಯಾಯಾಲಯ ದೇಶದ ಸೆರೆಮನೆಗಳ ಒಂಬತ್ತು ದೊಡ್ಡ ದೋಷಗಳನ್ನು ಪರಿಶೀಲಿಸಿತು. ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಉಪೇಕ್ಷೆ, ಸಾಲದ ಅನ್ನಬಟ್ಟೆ, ಮನೆಯವರೊಡನೆ ಸಂಪರ್ಕವಿಲ್ಲದಿರುವುದು ಇವು ಅವುಗಳಲ್ಲಿ ಮುಖ್ಯವಾದವು.

ಆರೋಗ್ಯದ ಬಗೆಗೆ ಆ ತೀರ್ಪು ಕೊಟ್ಟ ಕಾರಣ ಸರಳವಾಗಿದೆ, ಆದ್ದರಿಂದಲೇ ಬಲವಾಗಿದೆ. ಹೊರಗಿನವನಿಗೆ ಕಾಯಿಲೆಯಾದರೆ ತನಗೆ ಬೇಕಾದ ಡಾಕ್ಟರರ ಬಳಿಗೆ ಹೋಗಬಹುದು. ಅವರ ಮಾತಿನಲ್ಲಿ ನಂಬಿಕೆ ಹುಟ್ಟದಿದ್ದರೆ ಇನ್ನೊಬ್ಬರನ್ನು ಕೇಳಬಹುದು. ಕೈದಿಗೆ ಆ ಆಯ್ಕೆಯಿಲ್ಲ. ಅಲ್ಲದೆ ಸೆರೆಯ ಪರಿಸ್ಥಿತಿಯೇ ಅವನನ್ನು ಇತರರಿಗಿಂತ ಹೆಚ್ಚಾಗಿ ರೋಗಕ್ಕೆ ಈಡುಮಾಡುತ್ತದೆ. ಬಾಗಿಲು ಹಾಕಿದ ಸರಕಾರವೇ ಔಷಧದ ಹೊಣೆಯನ್ನೂ ಹೊರಬೇಕು. ಆರ್ಥರ್ ರೋಡ್ ಸೆರೆಮನೆ ಕಟ್ಟಿದ್ದು ಸುಮಾರು 800 ಮಂದಿಗಾಗಿ. ಅದರ ಮೂರು ನಾಲ್ಕು ಪಟ್ಟು ಜನರನ್ನು ಅಲ್ಲಿ ತುಂಬಿದ್ದುದು ಅನೇಕ ಬಾರಿ ವರದಿಯಾಗಿದೆ. ಕ್ಷಯ, ಕಜ್ಜಿ, ಭೇದಿಗಳಿಗೆ ಇದಕ್ಕಿಂತ ಅನುಕೂಲವಾದ ಸ್ಥಳವಿಲ್ಲ. 2020ರ ಮೇ ತಿಂಗಳಲ್ಲಿ ಕೊರೊನಾ ಅಲ್ಲಿಗೆ ಹೊಕ್ಕಾಗ ಕೆಲವೇ ದಿನಗಳಲ್ಲಿ ಕೈದಿಗಳೂ ಸಿಬ್ಬಂದಿಯವರೂ ಸೇರಿ ನೂರಕ್ಕಿಂತ ಹೆಚ್ಚು ಮಂದಿಗೆ ಸೋಂಕು ತಗಲಿತು. ಗೋಡೆ ಕೈದಿಯನ್ನು ತಡೆಯಬಲ್ಲುದು, ರೋಗಾಣುವನ್ನಲ್ಲ. ದೇಶದ ಕೈದಿಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ಇನ್ನೂ ವಿಚಾರಣಾಧೀನರು, ಅಂದರೆ ಅಪರಾಧಿಗಳೆಂದು ತೀರ್ಮಾನವಾಗದವರು, ಎಂಬುದನ್ನು ನೆನೆದರೆ ವಿಷಯದ ಗಾಂಭೀರ್ಯ ತಿಳಿದೀತು.

ಇತ್ತೀಚಿನ ಒಂದು ಮೊಕದ್ದಮೆಯೂ ಪತ್ರಕರ್ತೆಯೊಬ್ಬರ ಲೇಖನದಿಂದಲೇ ಹುಟ್ಟಿತು. ಸುಕನ್ಯಾ ಶಾಂತಾ ಎಂಬವರು 2020ರಲ್ಲಿ ಸೆರೆಮನೆಗಳಲ್ಲಿನ ಜಾತಿಭೇದವನ್ನು ಕುರಿತು ಬರೆದರು. ಅಡುಗೆ ಇಂಥ ಜಾತಿಯವರಿಗೆ, ಕಕ್ಕಸು ತೊಳೆಯುವುದು ಇಂಥವರಿಗೆ ಎಂದು ಹಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿಯೇ ಅಚ್ಚಾಗಿತ್ತು! ಸರ್ವೋಚ್ಚ ನ್ಯಾಯಾಲಯ 2024ರ ಅಕ್ಟೋಬರ್ 3ರಂದು ಅಂಥ ನಿಯಮಗಳನ್ನು ಅಸಾಂವಿಧಾನಿಕವೆಂದು ತಳ್ಳಿಹಾಕಿ, ಕೈದಿಗಳ ದಾಖಲೆಯಲ್ಲಿ ಜಾತಿಯ ಅಂಕಣವನ್ನೇ ತೆಗೆಯಬೇಕೆಂದು ಆಜ್ಞಾಪಿಸಿತು. ಆ ತೀರ್ಪನ್ನು ಬರೆದ ಮುಖ್ಯ ನ್ಯಾಯಾಧೀಶ ಡಿ. ವೈ. ಚಂದ್ರಚೂಡರು 1981ರ ತೀರ್ಪನ್ನಿತ್ತ ವೈ. ವಿ. ಚಂದ್ರಚೂಡರ ಪುತ್ರರು. ತಂದೆ ಪತ್ರಕರ್ತೆಗೆ ಒಳಹೋಗಲು ದಾರಿ ಮಾಡಿದರು. ಮಗ ಪತ್ರಕರ್ತೆ ಹೊರತಂದ ಸಂಗತಿಯ ಮೇಲೆ ತೀರ್ಪಿತ್ತರು. ಇಬ್ಬರೂ ಮುಂಬಯಿ ಉಚ್ಚ ನ್ಯಾಯಾಲಯದಿಂದ ಮೇಲೆ ಹೋದವರು.

ಪತ್ರಿಕೆಯೇ ನ್ಯಾಯಾಧೀಶನಾದಾಗ

ಇಷ್ಟು ಹೇಳಿದ ಮೇಲೆ ಇನ್ನೊಂದು ಮುಖವನ್ನೂ ಹೇಳದಿದ್ದರೆ ಪಕ್ಷಪಾತವಾದೀತು. ಕೈದಿಯನ್ನು ಕಾಪಾಡುವ ಲೇಖನಿಯೇ ಅವನನ್ನು ಮುಗಿಸಲೂಬಲ್ಲುದು. ನಟನೊಬ್ಬನ ಸಾವಿನ ನಂತರ 2020ರಲ್ಲಿ ಟೆಲಿವಿಷನ್ ವಾಹಿನಿಗಳು ನಡೆಸಿದ ಗದ್ದಲ ಎಲ್ಲರಿಗೂ ನೆನಪಿರಬಹುದು. ಅದರ ಮೇಲೆ ಬಂದ ಅರ್ಜಿಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ 2021ರ ಜನವರಿ 18ರಂದು ತೀರ್ಪಿತ್ತು, ತನಿಖೆ ನಡೆಯುತ್ತಿರುವಾಗ ಮಾಧ್ಯಮಗಳು ನಡೆಸುವ ವಿಚಾರಣೆ ನ್ಯಾಯದಾನದಲ್ಲಿ ಹಸ್ತಕ್ಷೇಪವೆಂದು ಸಾರಿತು. ಸತ್ತವರ ಶೀಲವನ್ನು ಕೆದಕುವುದು, ಸಾಕ್ಷಿಗಳನ್ನು ಮಾಧ್ಯಮಗಳೇ ವಿಚಾರಿಸುವುದು, ಆರೋಪಿಯ ತಪ್ಪೊಪ್ಪಿಗೆಯನ್ನು ಸತ್ಯವೆಂಬಂತೆ ಬಿತ್ತರಿಸುವುದು ಸಲ್ಲದೆಂದಿತು.

ತಪ್ಪೊಪ್ಪಿಗೆಯ ವಿಷಯವನ್ನು ವಾಚಕರು ಗಮನಿಸಬೇಕು. 'ಆರೋಪಿ ಪೊಲೀಸರೆದುರು ತಪ್ಪೊಪ್ಪಿಕೊಂಡಿದ್ದಾನೆ' ಎಂಬ ತಲೆಬರಹ ವಾರಕ್ಕೊಮ್ಮೆಯಾದರೂ ಕಣ್ಣಿಗೆ ಬೀಳುತ್ತದೆ. ಪೊಲೀಸು ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ನಮ್ಮ ಕಾಯಿದೆ ಒಪ್ಪುವುದಿಲ್ಲ. 1872ರ ಸಾಕ್ಷ್ಯ ಅಧಿನಿಯಮ ಹಾಗೆಂದಿತು. ಅದರ ಸ್ಥಾನದಲ್ಲಿ ಬಂದಿರುವ ಹೊಸ ಅಧಿನಿಯಮವೂ ಹಾಗೆಯೇ ಹೇಳುತ್ತದೆ. ಲಾಕಪ್ಪಿನಲ್ಲಿ ಆ ಮಾತು ಹೇಗೆ ಹೊರಟಿತೆಂಬ ಸಂದೇಹವೇ ಅದಕ್ಕೆ ಕಾರಣ. ನ್ಯಾಯಾಲಯ ಮುಟ್ಟದ ಮಾತನ್ನು ಓದಿ ನೆರೆಹೊರೆಯವರು ಒಂದು ಸಂಸಾರದ ಜೊತೆ ಮಾತು ಬಿಡುತ್ತಾರೆ.

ತಿಳಿಯುವ ಭಾಷೆ

ಮುಂಬಯಿಯ ಕನ್ನಡಿಗರಿಗೆ ಎಲ್ಲಕ್ಕಿಂತ ಹತ್ತಿರದ ಪ್ರಶ್ನೆ ಭಾಷೆಯದು. 1983ರ ತೀರ್ಪಿನಲ್ಲಿ, ಬಂಧಿತರ ಹಕ್ಕುಗಳನ್ನು ತಿಳಿಸುವ ಕರಪತ್ರವನ್ನು ಮರಾಠಿ, ಹಿಂದಿ, ಇಂಗ್ಲಿಷ್ ಈ ಮೂರು ಭಾಷೆಗಳಲ್ಲಿ ಅಚ್ಚು ಹಾಕಿಸಿ ಪ್ರತಿಯೊಂದು ಲಾಕಪ್ಪಿನ ಕೋಣೆಯಲ್ಲಿ ಅಂಟಿಸಬೇಕೆಂದೂ, ಠಾಣೆಗೆ ತಂದ ಕೂಡಲೆ ಆ ಮೂರರಲ್ಲಿ ಅವನಿಗೆ ತಿಳಿಯುವ ಭಾಷೆಯಲ್ಲಿ ಓದಿಹೇಳಬೇಕೆಂದೂ ಇತ್ತು. ಆ ಮೂರೂ ತಿಳಿಯದವನ ಗತಿಯೇನು? ಕುಂದಾಪುರದ ಕಡೆಯಿಂದ ಹೊಟೇಲಿಗೆ ಬಂದ ಹುಡುಗ, ವಿಜಯಪುರ ಕಲಬುರಗಿಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಹೆಂಗಸು ಊರು ಬಿಟ್ಟ ಮೊದಲ ವರ್ಷದಲ್ಲಿ ಹಿಂದಿಯನ್ನು ಎಷ್ಟು ಬಲ್ಲರು? 'ಹಾಂ' ಎನ್ನಲು ಬಲ್ಲರು. ಅಪಾಯವಿರುವುದೇ ಆ 'ಹಾಂ'ನಲ್ಲಿ.

ಈ ಪ್ರಶ್ನೆಗೆ ಹಳೆಯ ಉತ್ತರವೊಂದು ಮಹಾರಾಷ್ಟ್ರದಿಂದಲೇ ಬಂದಿತ್ತು. ನಾಗಪುರದಲ್ಲಿ ಪ್ರತಿಬಂಧಕ ಬಂಧನದಲ್ಲಿ ಇರಿಸಿದ್ದ ಒಬ್ಬನಿಗೆ ಕಾರಣಗಳನ್ನು ಇಂಗ್ಲಿಷಿನಲ್ಲಿ ಕೊಡಲಾಗಿತ್ತು. ಇಂಗ್ಲಿಷ್ ಬಾರದ ಆತ ಹಿಂದಿಯ ಪ್ರತಿ ಬೇಡಿದ. ಆಡಳಿತದ ಭಾಷೆ ಇಂಗ್ಲಿಷ್ ಎಂದು ಅಧಿಕಾರಿ ನಿರಾಕರಿಸಿದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯ, ತಿಳಿಯದ ಭಾಷೆಯಲ್ಲಿ ಕೊಟ್ಟ ಕಾರಣ ಕೊಡದಿದ್ದ ಕಾರಣಕ್ಕೆ ಸಮಾನವೆಂದು ಹೇಳಿ ಆತನನ್ನು ಬಿಡುಗಡೆ ಮಾಡಿಸಿತು. ಆದರೆ ಅದು ಪ್ರತಿಬಂಧಕ ಬಂಧನದ ಮಾತು. ಸಾಮಾನ್ಯ ಬಂಧನಗಳಲ್ಲಿ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕೆಂಬ ರೂಢಿ ಮುಂದುವರಿಯಿತು. ಅದು ಈಚೆಗೆ ಕಳಚತೊಡಗಿತು. 2024ರ ಮೇ ತಿಂಗಳಲ್ಲಿ ದೆಹಲಿಯ ಸಂಪಾದಕ ಪ್ರಬೀರ್ ಪುರಕಾಯಸ್ಥರ ಬಂಧನವನ್ನು, ಕಾರಣಗಳನ್ನು ಲಿಖಿತವಾಗಿ ಕೊಟ್ಟಿರಲಿಲ್ಲವೆಂಬ ಆಧಾರದ ಮೇಲೆ ಸರ್ವೋಚ್ಚ ನ್ಯಾಯಾಲಯ ಅಸಿಂಧುವೆಂದಿತು. ಅದೂ ಒಂದು ವಿಶೇಷ ಕಾಯಿದೆಯ ಕೆಳಗಿನ ಬಂಧನ.

ಕೊನೆಗೆ 2024ರ ಜುಲೈಯಲ್ಲಿ ವರಳಿಯಲ್ಲಿ ನಡೆದ ಕಾರು ಅಪಘಾತದ ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಮಾತು ಇತ್ಯರ್ಥವಾಯಿತು. 2025ರ ನವೆಂಬರ್ 6ರಂದು ಮುಖ್ಯ ನ್ಯಾಯಾಧೀಶ ಗವಾಯಿಯವರ ಪೀಠವು ಇತ್ತ ತೀರ್ಪಿನ ಪ್ರಕಾರ, ಅಪರಾಧ ಯಾವುದೇ ಇರಲಿ, ಬಂಧನದ ಕಾರಣವನ್ನು ಬಂಧಿತನಿಗೆ ತಿಳಿಯುವ ಭಾಷೆಯಲ್ಲಿ ಬರಹದಲ್ಲಿ ಕೊಡಬೇಕು. ಕೂಡಲೆ ಬರೆದುಕೊಡಲು ಆಗದಂಥ ಪ್ರಸಂಗದಲ್ಲಿ ಬಾಯಿಮಾತಿನಲ್ಲಿ ಹೇಳಿ, ಮ್ಯಾಜಿಸ್ಟ್ರೇಟರೆದುರು ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲಾದರೂ ಲಿಖಿತ ಪ್ರತಿ ಕೈಗೆ ಕೊಡಬೇಕು. ಹಾಗೆ ಮಾಡದಿದ್ದರೆ ಬಂಧನವೂ ರಿಮಾಂಡೂ ಅಕ್ರಮವಾಗುತ್ತವೆ. ದೊಡ್ಡ ಕಾರಿನ ಆರೋಪಿಯ ಹೆಸರಿನಲ್ಲಿ ಬಂದ ತೀರ್ಪು ಹೊಟೇಲಿನ ಹುಡುಗನಿಗೂ ಅನ್ವಯಿಸುತ್ತದೆ. ಕನ್ನಡವೊಂದನ್ನೇ ಬಲ್ಲವನನ್ನು ಧಾರಾವಿಯ ಠಾಣೆಯಲ್ಲಿ ಹಿಡಿದಿಟ್ಟರೆ ಅವನಿಗೆ ಕನ್ನಡದಲ್ಲಿ ಬರೆದ ಕಾಗದ ಸಿಗಬೇಕು. ಕೊಡಿರೆಂದು ಕೇಳುವುದು ಉಪಕಾರ ಬೇಡುವುದಲ್ಲ.

ಆ ಕಾಗದವನ್ನು ಯಾರು ಬರೆಯುತ್ತಾರೆಂಬ ತೊಡಕು ಉಳಿದೇ ಇದೆ. ಎಲ್ಲ ಠಾಣೆಗಳಲ್ಲಿಯೂ ಕನ್ನಡ ಬಲ್ಲವರು ಇರಲಾರರು. ಸುದ್ದಿ ಮುಟ್ಟಿಸಬೇಕಾದ 'ಬಂಧು ಅಥವಾ ಮಿತ್ರ' ಯಾರೆಂದು ಕೇಳಿದಾಗ ಊರಿನ ವಿಳಾಸವನ್ನಲ್ಲದೆ ಮುಂಬಯಿಯಲ್ಲಿ ಒಂದು ಹೆಸರನ್ನೂ ಹೇಳಲಾಗದವರು ಅನೇಕರು. ಹೊಟೇಲಿನ ಯಜಮಾನರು, ಮೇಸ್ತ್ರಿಗಳು, ಸಂಘಗಳ ಕಾರ್ಯಕರ್ತರು ತಮ್ಮ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಬರೆದು ಹೊಸದಾಗಿ ಬಂದ ಹುಡುಗರ ಜೇಬಿನಲ್ಲಿ ಇರಿಸಿದರೆ 48ನೆಯ ಕಲಮು ಕೆಲಸ ಮಾಡೀತು. ಬಂಧನದಲ್ಲಿರುವವರೆಲ್ಲರಿಗೂ, ಆದಾಯದ ಲೆಕ್ಕವಿಲ್ಲದೆ ಸ್ತ್ರೀಯರಿಗೂ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ ಮೇರೆಗೆ ಪುಕ್ಕಟೆ ವಕೀಲರ ನೆರವು ದೊರೆಯುತ್ತದೆ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿಯ ಸಂಖ್ಯೆ 15100.